ಅಳತೆ ಪುಸ್ತಕ

ಗಂಗೊಳ್ಳಿಯಿಂದ ದೋಣಿಯಲ್ಲಿ ಮುಕ್ಕಾಲು ಗಂಟೆ,
ಬಡಗಿನ ಕವಲಿನಲ್ಲಿ, ಕಾಂಡ್ಲಾ ಗಿಡಗಳ ಹಿಂದೆ
ಒಂದು ಕುದ್ರು. ಅದರ ಮೇಲೊಂದು ಲಾಡ್ಜು.
ನಾಲ್ಕು ಕೋಣೆ, ಒಂದು ಜನರೇಟರು,
ಫೋನು ಹಿಡಿಯಬೇಕೆಂದರೆ ನೀರಿನ ಟಾಂಕಿ ಹತ್ತಬೇಕು.
ಮೇ ತಿಂಗಳ ಬಿಸಿಲಿಗೆ ಕಾಗೆಯೂ ಬಾಯಿ ತೆರೆದು ಕೂತಿರುವಾಗ
ದುಡ್ಡು ಕೊಟ್ಟು ಬರುತ್ತಾರೆ ಜನ ಇಲ್ಲಿಗೆ,
ಕುರ್ಡಿ ಹಿಡಿಯಲು.
ಹಿಡಿದು, ಬಿಡಲು.

ಮೊದಲ ವರ್ಷ ನನಗೆ ಅದೇ ತಿಳಿಯಲಿಲ್ಲ.
"ಬಿಡೂದಾ? ಹಾಂಗಾರೆ ಹಿಡೂದ್ ಎಂತಕ್ಕೆ?"
ದುಗ್ಗ ಹುಟ್ಟು ಕೆಳಗಿಟ್ಟು ನಕ್ಕ:
"ಅವ್ರಿಗೆ ಹಸುವಿಲ್ಲೆ ಅಕ್ಕಣಿ, ಬರೀ ಗಾಳ ಇತ್ತ್."

ನನ್ನ ಕೆಲಸ ಟೇಪು ಹಿಡಿಯುವುದು.
ಒದ್ದೆ ಗೋಣಿಯ ಮೇಲೆ ಮೀನು ಮಲಗಿಸಿ
ಮೂತಿಯಿಂದ ಬಾಲದ ತುದಿಗೆ ಎಳೆದು
ಗಟ್ಟಿಯಾಗಿ ಲೆಕ್ಕ ಕೂಗಿ
ಪುಸ್ತಕದಲ್ಲಿ ಬರೆಯುವುದು:
ತಾರೀಕು, ಭರತವೋ ಇಳಿತವೋ, ಹೆಸರು, ಊರು, ಉದ್ದ.
ತೂಕ ಬರೆಯುವ ಹಾಗಿಲ್ಲ,
ತಕ್ಕಡಿಗೆ ನೇತು ಹಾಕಿದರೆ ಮೀನಿಗೆ ನೋವಂತೆ.

ತೂಕ ನನಗೆ ಕಣ್ಣಲ್ಲೇ ಗೊತ್ತು.
ಕುಂದಾಪುರದ ಮಾರ್ಕೆಟಿನಲ್ಲಿ ಇಪ್ಪತ್ತೆರಡು ವರ್ಷ
ಬುಟ್ಟಿಯ ಮುಂದೆ ಕುಕ್ಕರುಗಾಲಲ್ಲಿ ಕೂತವಳು ನಾನು.
ಅವರು ಫೋಟೊ ತೆಗೆದು ಮುಗಿಸುವ ಹೊತ್ತಿಗೆ
ನನ್ನೊಳಗೆ ವ್ಯಾಪಾರ ಮುಗಿದಿರುತ್ತದೆ:
ಏಳೂವರೆ ಕಿಲೋ, ತಲೆ ಬೇರೆ, ನಡುಮೀನು ಹೋಟೆಲಿಗೆ,
ಮೊಮ್ಮಗಳ ಫೀಸು, ಅಕ್ಕಿ, ಒಂದು ಬಾಟ್ಲಿ ಎಣ್ಣೆ...
ಅಷ್ಟರಲ್ಲಿ ಡುಬುಕ್ಕನೆ
ಎಣ್ಣೆ, ಅಕ್ಕಿ, ಫೀಸು, ಎಲ್ಲ ನೀರಿಗೆ.

ಹೆಸರು ಕುರ್ಡಿ. ಕಣ್ಣು ಕೆಂಡ.
ರಾತ್ರಿ ಟಾರ್ಚು ಬಿಟ್ಟರೆ ಅದೇ ನಮ್ಮನ್ನು ನೋಡುತ್ತಿರುತ್ತದೆ.
ಬಂದವರು ಅದಕ್ಕೆ ಗಂಡಸಿನ ಹೆಸರಿಡುತ್ತಾರೆ:
ರಾಜ, ಬಾಸ್, ದಾದಾ.
ನಾನು ಸೀಳಿದ ದೊಡ್ಡ ಕುರ್ಡಿಗಳ ಹೊಟ್ಟೆಯಲ್ಲಿ
ಎಂದೂ ಮೊಟ್ಟೆ ಚೀಲವೇ.
ಹೇಳಿದರೆ ಫೋಟೊಕ್ಕೆ ಇಟ್ಟುಕೊಂಡ ಮುಖ ಬಾಡೀತೆಂದು
ಹೇಳುವುದಿಲ್ಲ.

ಇನ್ನೊಂದೂ ಹೇಳಿಲ್ಲ.
ಹೋದ ಬೇಸಗೆ ಪುಣೆಯ ಹಲ್ಲಿನ ಡಾಕ್ಟರು ಹಿಡಿದದ್ದು
ಎಂಬತ್ತೊಂದು ಸೆಂಟಿಮೀಟರು.
ದೀಪಾವಳಿ ಕಳೆದು ಸಿಮೆಂಟ್ ಏಜೆಂಟ್ ಶ್ರೀನಿವಾಸುಲು,
ಎಂಬತ್ತನಾಲ್ಕು.
ಈ ಏಪ್ರಿಲ್ ಕೊಯಮತ್ತೂರಿನ ಅಣ್ಣತಮ್ಮಂದಿರು
(ಯಾರ ಗಾಳವೆಂದು ಇನ್ನೂ ಜಗಳ), ಎಂಬತ್ತಾರು.
ಗೋಡೆಯ ಮೇಲೆ ಮೂರು ಫೋಟೊ, ಮೂರು ದಾಖಲೆ.
ಮೀನು ಒಂದೇ.
ಬಾಲದ ಮೇಲ್ತುದಿಯಲ್ಲಿ ಕತ್ತರಿಸಿದ ಹಾಗೆ ಒಂದು ಕಚ್ಚು,
ಎಡ ಕಿವಿರಿನ ಮೇಲೆ ಸಾಸಿವೆಯಷ್ಟು ಕಪ್ಪು.
ಮೀನು ಮಾರಿದವಳಿಗೆ ಮೀನಿನ ಮುಖ ಮರೆಯುವುದಿಲ್ಲ,
ಗಿರಾಕಿಗಳೇ ಎಲ್ಲ ಒಂದೇ ತರ ಕಾಣುವುದು.

ಅಮಾಸೆಯ ಹಿಂದಿನ ರಾತ್ರಿ ಲಾಡ್ಜು ಖಾಲಿ.
ದುಗ್ಗ ಬೀಡಿ ಆರಿಸಿ ಮೆಲ್ಲಗೆ ಕೇಳಿದ,
"ಅಕ್ಕಣಿ, ಇವತ್ತ್ ನಮ್ದೊಂದ್ ಕಾಂಬನಾ?"
ನಾನು ಹೂಂ ಎನ್ನಲಿಲ್ಲ. ದೋಣಿ ಹತ್ತಿದೆ.
ಬಣ್ಣದ ಪ್ಲಾಸ್ಟಿಕ್ ಮೀನಲ್ಲ, ಜೀವದ ಸಿಗಡಿ.
ಕೋಲಿಲ್ಲ, ರಾಟೆಯಿಲ್ಲ, ಕೈಹಗ್ಗ.
ಇಳಿತ ನಿಂತು ಭರತ ತಿರುಗುವ
ಆ ಒಂದು ಉಸಿರಿನಲ್ಲಿ
ಹಗ್ಗ ನನ್ನ ಅಂಗೈ ಸೀಳಿತು.

ಒದ್ದೆ ಗೋಣಿ. ಟಾರ್ಚು. ಕೆಂಡ.
ದುಗ್ಗನ ಕೈಯಲ್ಲಿ ಕತ್ತಿ.
ನಾನೇನು ಮಾಡಿದೆ ಗೊತ್ತೆ?
ಸೊಂಟದಿಂದ ಟೇಪು ಬಿಚ್ಚಿ
ಮೂತಿಯಿಂದ ಬಾಲದ ಕಚ್ಚಿನವರೆಗೆ ಎಳೆದು
ಕತ್ತಲಿಗೆ ಗಟ್ಟಿಯಾಗಿ ಕೂಗಿದೆ:
ಎಂಬತ್ತೊಂಬತ್ತು!
ಬರೆದುಕೊಳ್ಳಲು ಯಾರೂ ಇರಲಿಲ್ಲ.
ದುಗ್ಗ ಕತ್ತಿ ಹಿಡಿದೇ ಕಾದ,
ನನ್ನ ಬಾಯಿ ನೋಡುತ್ತ.

ಮಳೆಗೆ ಮುಂಚಿನ ಕೊನೆಯ ಗಿರಾಕಿ, ನಾಗಪುರದವನು,
ಗೋಡೆಯ ಫೋಟೊಕ್ಕೆ ಬೆರಳು ಮಾಡಿ ಕೇಳಿದ:
ಇದು ಈಗಲೂ ಇದೆಯಾ ಹೊಳೆಯಲ್ಲಿ?
"ಹೊಳಿ ದೊಡ್ಡದ್ ಮಾರಾಯ್ರೆ, ನಿಮ್ ನಸೀಬ್ ಕಾಣಿ" ಎಂದೆ.
ಲಿಂಬೆಹಣ್ಣು ಉಜ್ಜಿ ಮೂರು ಸಲ ತೊಳೆದ ಕೈ
ಸೆರಗಿನೊಳಗಿತ್ತು.